ಪರದೆಯ ಹಿಂದೆ ಕೂತು ನೋಡಿದ ಸೈಕಲ್ ರೇಸು

ಆ ಸಿನಿಮಾಕ್ಕೆ ತೊಂಬತ್ತು ರೂಪಾಯಿ ಬಾಡಿಗೆ ಬಿತ್ತು. ನೂರೈವತ್ತು ಹೇಳಿದ್ದರು. ಅಷ್ಟು ಇಳಿದದ್ದಕ್ಕೆ ನನ್ನ ಬಾಯಿ ಒಂದೇ ಕಾರಣವಲ್ಲ. ಅದು ಮಕ್ಕಳ ಸಿನಿಮಾ, ಅದೂ ಹಿಂದಿ, ಅದರಲ್ಲೂ ಹಾಡು ಕಮ್ಮಿ. ಗಣೇಶನ ಹಬ್ಬದ ವಾರದಲ್ಲಿ ಗಾಂಧಿನಗರದ ಯಾವ ಸಿನಿಮಾ ಆಫೀಸಿಗೆ ಹೋದರೂ ಜನ ಕೇಳುತ್ತಿದ್ದದ್ದು ದೇವರ ಚಿತ್ರ, ಇಲ್ಲವೇ ಹೊಡೆದಾಟದ ಚಿತ್ರ. ಈ ಸಿನಿಮಾದ ರೀಲಿನ ಡಬ್ಬಗಳು ಮಾತ್ರ ಕಪಾಟಿನ ಕೆಳಗಿನ ಸಾಲಿನಲ್ಲಿ ಧೂಳು ಹಿಡಿದು ಕೂತಿದ್ದವು. ಕೆಳಗಿನ ಸಾಲಿಗೆ ಬಿದ್ದ ಮಾಲಿಗೆ ಬೆಲೆ ಕಟ್ಟುವವರು ನಾವು, ಅಂಗಡಿಯವನಲ್ಲ. ಸೀರೆ ವ್ಯಾಪಾರ ನನಗೆ ಕಲಿಸಿದ ಮೊದಲ ಪಾಠ ಅದು. ನೀವೂ ಇಟ್ಟುಕೊಳ್ಳಿ, ಪುಕ್ಕಟೆ.

ಎಪ್ಪತ್ತರ ದಶಕದ ಮಧ್ಯಭಾಗ. ಆಗ ನಾವು ಗೋವಿಂದರಾಜನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಸೀರೆಯ ಗಂಟು ಹೊತ್ತು ವಿಜಯನಗರ, ರಾಜಾಜಿನಗರದ ಮನೆ ಮನೆ ತಿರುಗುತ್ತಿದ್ದೆ. ಬೀದಿಯಲ್ಲಿ ಎಲ್ಲರಿಗೂ ನಾನು 'ಸೀರೆ ಅಕ್ಕ'. ಗಣೇಶನ ಕಮಿಟಿಯ ಹುಡುಗರು ಚಂದಾ ಎತ್ತುವುದರಲ್ಲಿ ಗಟ್ಟಿಗರು, ಖರ್ಚು ಮಾಡುವುದರಲ್ಲಿ ಅದಕ್ಕಿಂತ ಗಟ್ಟಿಗರು. ಹಿಂದಿನ ವರ್ಷ ಶಾಮಿಯಾನದವನು ಅವರ ತಲೆ ಬೋಳಿಸಿ ಕಳಿಸಿದ್ದ. ಹಾಗಾಗಿ ಈ ಸಲ ಬೀದಿಯಲ್ಲಿ ತೋರಿಸುವ ಸಿನಿಮಾದ ಚೌಕಾಸಿಗೆ ನನ್ನನ್ನು ಕರೆದುಕೊಂಡು ಹೋದರು. ಅಗಲ ಪ್ಯಾಂಟಿನ ಮೂವರು ಹುಡುಗರ ನಡುವೆ ಕಂಕುಳಲ್ಲಿ ಚೀಲ ಇಟ್ಟುಕೊಂಡ ನನ್ನನ್ನು ನೋಡಿ ಸಿನಿಮಾ ಆಫೀಸಿನವರು ಕನ್ನಡಕ ಮೇಲೆ ಮಾಡಿದರು.

"ಏನಮ್ಮಾ, ನೀವೂ ಕಮಿಟೀನಾ?"

"ಇಲ್ಲ ಸಾರ್, ನಾನು ಇವರ ಜೊತೆ ದೊಡ್ಡವಳು ಅಂತ ಬಂದಿದೀನಿ. ಇವರಿಗೆ ಮೀಸೆ ಬಂದಿದೆ, ಬುದ್ಧಿ ಇನ್ನೂ ದಾರೀಲಿದೆ. ಈ ಕೆಳಗಿನ ಡಬ್ಬದಲ್ಲಿ ಏನಿದೆ?"

"ಅದು ಮಕ್ಕಳದು ಕಣಮ್ಮ. ಸೈಕಲ್ ರೇಸು. ಅಣ್ಣ ಸತ್ತೋಗ್ತಾನೆ, ತಮ್ಮಂಗೆ ಸೈಕಲ್ ಅಂದ್ರೆ ಭಯ, ತಾತ ಧೈರ್ಯ ತುಂಬ್ತಾನೆ, ಕೊನೇಲಿ ಹುಡುಗ ರೇಸ್ ಗೆಲ್ತಾನೆ."

"ಎಲ್ಲಾ ನೀವೇ ಹೇಳ್ಬಿಟ್ರಲ್ಲ ಸಾರ್! ಇನ್ನು ನೋಡೋಕೆ ಏನುಳೀತು? ಬೆಲೆ ಇಳಿಸಿ."

ಹುಡುಗರು ನನ್ನ ಸೆರಗು ಹಿಡಿದು ಎಳೆಯುವುದೊಂದು ಬಾಕಿ. ಅವರಲ್ಲೊಬ್ಬ, ಹಬ್ಬದ ಮೈಕನ್ನು ಯಾರ ಕೈಗೂ ಕೊಡದ ಪಿಯುಸಿ ಹುಡುಗ, ಪಿಸುಗುಟ್ಟಿದ: "ಅಕ್ಕಾ, ಮಕ್ಕಳ ಸಿನಿಮಾ ಹಾಕಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಪಕ್ಕದ ಬೀದೀಲಿ ಫೈಟಿಂಗ್ ಪಿಕ್ಚರ್ ಹಾಕ್ತಿದಾರೆ."

"ಹಿಂದಿ ಸಿನಿಮಾ ಕಣೋ. ನಮ್ಮ ಬೀದೀಲಿ ಯಾರಿಗೆ ಅರ್ಥ ಆಗುತ್ತೆ? ಪೂರ್ತಿ ಸಿನಿಮಾ ನೀನು ಮೈಕ್‌ನಲ್ಲಿ ಕನ್ನಡದಲ್ಲಿ ಹೇಳ್ಬೇಕಾಗುತ್ತೆ," ಎಂದೆ.

ಅವನ ಮುಖ ಪೆಟ್ರೋಮ್ಯಾಕ್ಸ್ ಹಾಗೆ ಹೊತ್ತಿಕೊಂಡಿತು. ಆಮೇಲೆ ಆ ಆಫೀಸಿನಲ್ಲಿ ನನ್ನ ಕಡೆಯಿಂದ ವಾದ ಮಾಡಿದವನು ಅವನೇ.

ನನಗೆ ಆ ಸಿನಿಮಾ ಬೇಕಾಗಿದ್ದದ್ದು ನನ್ನ ತಮ್ಮನ ಮಗಳಿಗಾಗಿ.

ನನ್ನ ತಮ್ಮ ಮಿಲ್ಲಿನಲ್ಲಿ ಫಿಟ್ಟರ್. ನಮ್ಮ ಪಕ್ಕದ ಮನೆಯಲ್ಲೇ ಇದ್ದ. ಹಬ್ಬದ ಹಿಂದಿನ ವರ್ಷ, ಒಂದು ಭಾನುವಾರ ಬೆಳಗ್ಗೆ, ಮನೆಗಳ ಸಾಲಿನ ಹಿಂದಿದ್ದ ಬಯಲಲ್ಲಿ ಮಗಳಿಗೆ ಸೈಕಲ್ ಕಲಿಸುತ್ತಿದ್ದ. ತನ್ನದೇ, ದೊಡ್ಡವರ ಎತ್ತರದ ಸೈಕಲ್. ಹುಡುಗಿ ಬಾರಿನ ಕೆಳಗಿಂದ ಕಾಲು ತೂರಿಸಿ ತುಳಿಯುತ್ತಿದ್ದಳು. ಇವನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದ. ಓಡುತ್ತ ಓಡುತ್ತ ಬಿದ್ದ. ಎದೆ ಒಡೆದು ಹೋಯಿತು ಎಂದರು ಡಾಕ್ಟರು. ಮೂವತ್ತಾರು ವಯಸ್ಸು. ಹುಡುಗಿ ಬಯಲಿನ ಆ ತುದಿಗೆ ಹೋಗಿ, ಮೊದಲ ಸಲ ಒಬ್ಬಳೇ ತಿರುಗಿಸಿಕೊಂಡು ಬರುವಷ್ಟರಲ್ಲಿ ಇಲ್ಲಿ ಜನ ಗುಂಪು ಕಟ್ಟಿತ್ತು.

ಅಂದಿನಿಂದ ಅವಳು ಸೈಕಲ್ ಮುಟ್ಟಲಿಲ್ಲ. ಮುಟ್ಟದಿದ್ದರೆ ಬೇಡ ಬಿಡಿ ಎನ್ನಬಹುದಿತ್ತು. ಆದರೆ ಆ ವರ್ಷ ಅವಳು ಹೈಸ್ಕೂಲಿಗೆ ಸೇರಿದ್ದಳು. ಸ್ಕೂಲು ರಾಜಾಜಿನಗರದ ಆ ಕಡೆ. ಹೋಗುವ ಬಸ್ಸುಗಳು ಜನ ತುಂಬಿ ನಿಲ್ಲಿಸದೆ ಹೋಗುತ್ತಿದ್ದವು. ತಮ್ಮನ ಹೆಂಡತಿಗೆ ಅವನ ಮಿಲ್ಲಿನಲ್ಲೇ ಕೆಲಸ ಸಿಕ್ಕಿತ್ತು. ಬೆಳಗ್ಗೆ ಮಗಳನ್ನು ನಡೆಸಿಕೊಂಡು ಸ್ಕೂಲಿಗೆ ಬಿಟ್ಟು ಅವಳು ಮಿಲ್ಲಿನ ಗೇಟಿಗೆ ಓಡುವಷ್ಟರಲ್ಲಿ ಗೇಟು ಮುಚ್ಚಿರುತ್ತಿತ್ತು. ಇನ್ನೊಂದಷ್ಟು ಸಲ ಹೀಗಾದರೆ ಕೆಲಸ ಇರುವುದಿಲ್ಲ ಎಂದು ಮೇಸ್ತ್ರಿ ಹೇಳಿಯಾಗಿತ್ತು. ನಮ್ಮ ಸಾಲಿನ ನಾಲ್ಕೈದು ಹೆಣ್ಣುಮಕ್ಕಳು ಗುಂಪಾಗಿ ಸೈಕಲ್‌ನಲ್ಲಿ ಅದೇ ಸ್ಕೂಲಿಗೆ ಹೋಗುತ್ತಿದ್ದರು. ಇವಳೂ ಹತ್ತಿದ್ದರೆ ಮುಗಿದಿತ್ತು. ಹತ್ತಲಿಲ್ಲ. ದಾವಣಗೆರೆ ಕಡೆಯಿಂದ ಅವಳ ತಾಯಿಯ ತಂದೆ ಕಾಗದ ಬರೆದರು: ದೀಪಾವಳಿಗೆ ಬರುತ್ತೇವೆ, ಮಗುವನ್ನು ಕರೆದುಕೊಂಡು ಹೋಗಿ ನಮ್ಮೂರ ಸ್ಕೂಲಿಗೆ ಸೇರಿಸುತ್ತೇವೆ.

ಗಂಡನನ್ನು ಕಳೆದುಕೊಂಡ ವರ್ಷದೊಳಗೆ ಮಗಳನ್ನೂ ಬಿಟ್ಟು ಆ ಎರಡು ಕೋಣೆಯಲ್ಲಿ ಅವಳು ಒಬ್ಬಳೇ ಹೇಗಿರುತ್ತಾಳೆ? ಅವಳು ಬಾಯಿ ಬಿಟ್ಟು ಹೇಳುವವಳಲ್ಲ. ಆದರೆ ಕಾಗದ ಬಂದ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ನಾನು ಸುಮ್ಮನಿರುವವಳಾ? ಭಯ ಎಂದರೆ ಅದೂ ಒಂದು ಮಾಲು, ಸರಿಯಾಗಿ ಕೇಳಿದರೆ ಇಳಿಯುತ್ತದೆ ಎಂದುಕೊಂಡಿದ್ದೆ. ಸೈಕಲ್‌ನ ಸೀಟು ತಗ್ಗಿಸಿಕೊಟ್ಟೆ. ಹಿಂದಿನ ಗಾಲಿಗೆ ಎರಡು ಪುಟ್ಟ ಗಾಲಿ ಕಟ್ಟಿಸಲು ಹೋದೆ. ಅಷ್ಟು ಎತ್ತರದ ಸೈಕಲ್‌ಗೆ ಅದು ಆನೆಗೆ ಗೆಜ್ಜೆ ಕಟ್ಟಿದ ಹಾಗೆ ಕಂಡು ಬೀದಿಯ ಮಕ್ಕಳೆಲ್ಲ ನಕ್ಕರು. ಹ್ಯಾಂಡಲ್‌ಗೆ ನಿಂಬೆಹಣ್ಣು ಕಟ್ಟಿದೆ. ಅಯ್ಯನವರ ಹತ್ತಿರ ಹೋಗಿ ಅಂತ್ರ ತಂದೆ. ಮಿಠಾಯಿ ಆಸೆ ತೋರಿಸಿದೆ, ಹೊಸ ಲಂಗದ ಆಸೆ ತೋರಿಸಿದೆ. ಇಷ್ಟೆಲ್ಲ ಆದ ಮೇಲೆ ಒಂದು ದಿನ ಅವಳು ಮನಸ್ಸು ಮಾಡಿ ಪೆಡಲ್ ಮೇಲೆ ಕಾಲಿಟ್ಟಳು.

"ಬೀಳಲ್ಲ ಕಣೇ, ನಾನು ಹಿಂದೆ ಹಿಡ್ಕೊಂಡಿರ್ತೀನಿ," ಎಂದು ಕ್ಯಾರಿಯರ್‌ಗೆ ಕೈ ಹಾಕಿದೆ.

ಹುಡುಗಿಯ ಮುಖ ಬಿಳುಚಿತು. "ನೀವು ಹಿಡ್ಕೋಬೇಡಿ ಅತ್ತೆ! ಕೈ ತೆಗೀರಿ!" ಎಂದು ಕೂಗಿ ಸೈಕಲ್ ಅಲ್ಲೇ ಕೆಡವಿ ಒಳಗೆ ಓಡಿದಳು.

ನನಗೆ ಅವಮಾನವೇ ಆಯಿತು. ಅವಳ ತಾಯಿಯ ಹತ್ತಿರ ಹೋಗಿ ಹೇಳಿದೆ: "ನೋಡಿದ್ಯಾ ನಿನ್ನ ಮಗಳನ್ನ? ನನ್ನ ಕೈಯಲ್ಲಿ ಶಕ್ತಿ ಇಲ್ವಂತೆ. ಧರ್ಮಾವರಂ ಸೀರೆ ಗಂಟು ಹೊತ್ಕೊಂಡು ಊರು ಸುತ್ತೋಳು ನಾನು, ಇವಳ ಸೈಕಲ್ ಹಿಡ್ಕೊಳ್ಳೋಕಾಗಲ್ವಾ?"

"ಬಿಡಿ ಅಕ್ಕ. ಬಿದ್ದುಬಿಡ್ತೀನಿ ಅನ್ನೋ ಭಯ ಅವಳಿಗೆ," ಎಂದಳು ಅವಳು. ಇಬ್ಬರೂ ಹಾಗೆಂದೇ ತಿಳಿದಿದ್ದೆವು.

ಆದ್ದರಿಂದಲೇ ಈ ಸಿನಿಮಾ. ಭಯ ಬಿದ್ದ ಮಗು, ಮನೆಯಲ್ಲಿ ಸಾವು, ಸೈಕಲ್, ಗೆಲುವು: ನಮ್ಮ ಮನೆಯ ಅಳತೆ ತೆಗೆದು ಹೊಲಿದ ಹಾಗಿತ್ತು. ಹುಡುಗಿ ತಾನಾಗಿ ಹೊರಗೆ ಬಂದು ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೂ ಉಪಾಯ ಮಾಡಿದೆ. ಪರದೆಯನ್ನು ಸರಿಯಾಗಿ ತಮ್ಮನ ಮನೆಯ ಮುಂದೆ, ಲೈಟು ಕಂಬಕ್ಕೂ ಹೊಂಗೆ ಮರಕ್ಕೂ ನಡುವೆ ಕಟ್ಟಬೇಕು ಎಂದು ಕಮಿಟಿಯಿಂದ ಮಾತು ತೆಗೆದುಕೊಂಡೆ. ಬಾಗಿಲು ತೆಗೆದರೆ ಸಿನಿಮಾ, ಕಿಟಕಿ ತೆಗೆದರೆ ಸಿನಿಮಾ. ಎಲ್ಲಿ ಹೋಗುತ್ತಾಳೆ?

ಮಾತು ತೆಗೆದುಕೊಳ್ಳುವಾಗ ಪೂರ್ತಿ ತೆಗೆದುಕೊಳ್ಳಬೇಕು. ಪರದೆ ಎಲ್ಲಿ ಎಂದು ಹೇಳಿದ್ದೆ, ಪ್ರೊಜೆಕ್ಟರ್ ಯಾವ ಕಡೆ ಎಂದು ಹೇಳಿರಲಿಲ್ಲ. ಸಂಜೆ ಬಂದು ನೋಡುತ್ತೇನೆ, ಕರೆಂಟು ಎದುರು ಸಾಲಿನ ರೇಷನ್ ಅಂಗಡಿಯಿಂದ ಎಳೆಯುವುದು ಸುಲಭ ಎಂದು ಪ್ರೊಜೆಕ್ಟರಿನ ಮೇಜನ್ನು ಆ ಕಡೆ ಹಾಕಿ, ಜನರನ್ನೂ ಆ ಕಡೆಯೇ ಕೂರಿಸುತ್ತಿದ್ದಾರೆ. ತಮ್ಮನ ಮನೆ ಪರದೆಯ ಹಿಂಭಾಗಕ್ಕೆ ಬಿದ್ದಿತ್ತು.

ಬೀದಿ ಸಿನಿಮಾ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ತೆಳು ಬಟ್ಟೆಯ ಪರದೆ. ಚಿತ್ರ ಎರಡೂ ಕಡೆ ಕಾಣುತ್ತದೆ. ಮುಂದೆ ಕೂತವರಿಗೆ ನೆಟ್ಟಗೆ, ಹಿಂದೆ ಕೂತವರಿಗೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ನಾಯಕ ಎಡಗೈಯಲ್ಲಿ ಊಟ ಮಾಡುತ್ತಾನೆ, ಹೆಸರುಗಳು ಹಿಂದುಮುಂದಾಗಿ ಬರುತ್ತವೆ. ನಮ್ಮ ಬೀದಿಯಲ್ಲಿ ಹಿಂದುಗಡೆ ಕೂರುವವರು ಚಂದಾ ಕೊಡದವರು ಎಂದು ಲೆಕ್ಕ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರೇ ಚಾಪೆ ಸುತ್ತಿಕೊಂಡು ಆ ಕಡೆ ಹೋಗುತ್ತಿದ್ದರು.

"ಏನೋ ಇದು? ಇಡೀ ಸಿನಿಮಾ ತಂದುಕೊಟ್ಟಿರೋಳು ನಾನು, ನಮ್ಮ ಮನೇನೇ ಹಿಂದಕ್ಕಾ?" ಎಂದು ಮೈಕಿನ ಹುಡುಗನ ಮೇಲೆ ಹಾರಿದೆ.

"ಅಕ್ಕಾ, ನೀವು ಜಾಗ ಹೇಳಿದ್ರಿ, ದಿಕ್ಕು ಹೇಳಿದ್ರಾ?" ಎಂದ. ನನ್ನಿಂದಲೇ ಕಲಿತದ್ದು.

ಕತ್ತಲಾಯಿತು. ನಾನೂ ತಮ್ಮನ ಹೆಂಡತಿಯೂ ಮುಂಭಾಗದಲ್ಲಿ ಚಾಪೆ ಹಾಸಿ ಕೂತೆವು. ಹುಡುಗಿಯನ್ನು ಕರೆದರೆ "ತಲೆನೋವು" ಎಂದು ಒಳಗೇ ಉಳಿದಳು. ಹೋಯಿತು ತೊಂಬತ್ತು ರೂಪಾಯಿ ಎಂದುಕೊಂಡೆ.

ಸಿನಿಮಾ ಶುರುವಾಯಿತು. ಇಂಥ ಸಿನಿಮಾಗಳನ್ನು ಆಮೇಲೆ ಟಿವಿಯಲ್ಲಿ, ಮೊಮ್ಮಕ್ಕಳ ಜೊತೆ, ಎಷ್ಟೋ ನೋಡಿದ್ದೇನೆ. ಎಲ್ಲವೂ ಒಂದೇ ಮಗ್ಗದಲ್ಲಿ ನೇಯ್ದವು. ಮೊದಲೇ ಒಬ್ಬರು ಸಾಯುತ್ತಾರೆ, ಅವರು ಮನೆಯಲ್ಲೆಲ್ಲ ಒಳ್ಳೆಯವರಾಗಿರುತ್ತಾರೆ. ಉಳಿದ ಮಗು ಮಾತು ಬಿಡುತ್ತದೆ. ಆಮೇಲೆ ಸಿಡುಕು ಮೋರೆಯ ಮುದುಕನೊಬ್ಬ ಬರುತ್ತಾನೆ. ಬಿಸಿಲಲ್ಲಿ ಓಡಿಸುತ್ತಾನೆ, ಮಳೆಯಲ್ಲಿ ಓಡಿಸುತ್ತಾನೆ; ಆ ಮಕ್ಕಳಿಗೆ ನೆಗಡಿ ಮಾತ್ರ ಬರುವುದಿಲ್ಲ. ಕೊನೆಗೆ ಡೋಲು ಬಡಿದರೆ ಭಯ ಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಆ ಡೋಲಿಗೆ ಸರಿಯಾಗಿ ನನ್ನ ಕಣ್ಣು ತುಂಬಿಕೊಳ್ಳುತ್ತದೆ; ಅದು ಬೇರೆ ವಿಷಯ.

ಮೈಕಿನ ಹುಡುಗನಿಗಂತೂ ಆ ದಿನ ಪಟ್ಟಾಭಿಷೇಕ. ಪರದೆಯ ಮೇಲೆ ಮಗು ಎರಡು ಮಾತಾಡಿದರೆ ಇವನು ಹತ್ತು ಮಾತಾಡುತ್ತಿದ್ದ.

"ಈಗ ನೋಡಿ ಮಹಾಜನಗಳೇ, ಅಣ್ಣನ ಸೈಕಲ್ ಮೂಲೆಯಲ್ಲಿ ನಿಂತಿದೆ! ತಮ್ಮ ಅದನ್ನು ನೋಡುತ್ತಾನೆ! ಮುಟ್ಟುತ್ತಾನಾ? ಇಲ್ಲ! ಯಾಕೆ ಮುಟ್ಟೋದಿಲ್ಲ? ಭಯ!"

"ಅದು ಕಾಣ್ತಾ ಇದೆ ಕಣಪ್ಪಾ, ಕಣ್ಣಿದೆ ನಮಗೆ," ಎಂದರು ಹಿಂದಿನ ಸಾಲಿನ ಯಾರೋ.

"ಕಣ್ಣಿರೋರು ನೋಡ್ಕೊಳಿ, ಕಿವಿ ಇರೋರು ಕೇಳ್ಕೊಳಿ!"

ನಾನು ಪಕ್ಕದಲ್ಲಿದ್ದವಳ ಮುಖ ನೋಡುತ್ತಿದ್ದೆ. ಅವಳು ಪರದೆಯ ಕಡೆ ನೋಡುತ್ತಿರಲಿಲ್ಲ. ಪರದೆಯ ಅಂಚಿನಾಚೆ ಕಾಣುತ್ತಿದ್ದ ತನ್ನ ಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲು ಮುಚ್ಚಿತ್ತು. ಆಮೇಲೆ ಒಮ್ಮೆ ಅರ್ಧ ತೆರೆದ ಹಾಗೆ ಕಂಡಿತು. "ಬಂದಳಾ?" ಎಂದೆ. "ಗಾಳಿ ಇರ್ಬೇಕು," ಎಂದಳು.

ರೇಸಿನ ದಿನ ಬಂತು. ಗುಡ್ಡದ ದಾರಿ, ಸಾಲಾಗಿ ಮಕ್ಕಳು. ನಮ್ಮ ಹುಡುಗನ ಕಾಲು ನಡುಗುತ್ತಿದೆ. ತಾತ ಸೈಕಲ್‌ನ ಹಿಂಭಾಗ ಹಿಡಿದು ತಳ್ಳುತ್ತ ಅವನ ಜೊತೆ ಓಡಲು ಶುರುಮಾಡಿದ. ಹಿಂದಿಯಲ್ಲಿ ಏನೋ ಕೂಗುತ್ತಿದ್ದ. ಮೈಕಿನ ಹುಡುಗ ಎದ್ದು ನಿಂತೇ ಬಿಟ್ಟ.

"ತಾತ ಹೇಳ್ತಾ ಇದಾರೆ: ಹಿಂದೆ ತಿರುಗಿ ನೋಡ್ಬೇಡ ಮಗಾ! ಮುಂದೆ ನೋಡು! ಹಿಂದೆ ನಾನಿದೀನಿ! ಹಿಂದೆ ನೋಡ್ಬೇಡ!"

ಬೀದಿಗೆ ಬೀದಿಯೇ ಅವನ ಜೊತೆ ಕೂಗಿತು. "ಹಿಂದೆ ನೋಡ್ಬೇಡ! ಹಿಂದೆ ನೋಡ್ಬೇಡ!" ಪರದೆಯ ಮೇಲೆ ತಾತ ಕೈ ಬಿಟ್ಟ. ಹುಡುಗನಿಗೆ ಗೊತ್ತಿಲ್ಲ, ತುಳಿಯುತ್ತಲೇ ಹೋದ. ತಾತ ದಾರಿಯ ನಡುವೆ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ಏದುಸಿರು ಬಿಡುತ್ತ ನಿಂತ.

ಆಗ ಪರದೆಯ ಹಿಂದಿನಿಂದ ಒಂದು ದನಿ ಬಂತು. ತೆಳ್ಳನೆಯ ದನಿ, ಇಷ್ಟು ಜನರ ಗದ್ದಲವನ್ನು ಸೂಜಿಯ ಹಾಗೆ ತೂರಿಕೊಂಡು ಬಂತು.

"ಏಯ್! ಹಿಂದೆ ನೋಡೋ! ತಾತನ್ನ ನೋಡೋ! ತಾತ ಬಿದ್ದೋಗ್ತಾರೆ, ತಿರುಗಿ ನೋಡೋ!"

ಜನ ಗೊಳ್ಳೆಂದು ನಕ್ಕರು. ಮೈಕಿನ ಹುಡುಗ ಬಿಡುತ್ತಾನಾ? "ಹಿಂದ್ಗಡೆ ಕೂತಿರೋರು ಸ್ವಲ್ಪ ಸುಮ್ನಿರಿ! ಚಂದಾನೂ ಕೊಟ್ಟಿಲ್ಲ, ಡೈರೆಕ್ಷನ್ ಬೇರೆ ಕೊಡ್ತಾರೆ!" ಎಂದ. ಇನ್ನೂ ನಕ್ಕರು. ನಾನೂ ನಕ್ಕೆ. ನಗು ಬಾಯಲ್ಲಿರುವಾಗಲೇ ಪಕ್ಕದಲ್ಲಿದ್ದವಳು ಎದ್ದಳು.

ಸುತ್ತು ಹಾಕಿಕೊಂಡು ಹೋಗಬಹುದಿತ್ತು. ಅವಳು ಹೋಗಲಿಲ್ಲ. ಕೂತವರ ನಡುವೆಯೇ ನೆಟ್ಟಗೆ ಪರದೆಯ ಕಡೆ ನಡೆದಳು. ಪ್ರೊಜೆಕ್ಟರಿನ ಬೆಳಕು ಅವಳ ಬೆನ್ನಿಗೆ ಬಿದ್ದು ಅವಳ ನೆರಳು ಪರದೆ ತುಂಬ ಎದ್ದಿತು. ಸೈಕಲ್‌ಗಳು ಅವಳ ನೆರಳಿನೊಳಗೆ ಹೋಗಿ ಮರೆಯಾದವು.

"ಯಾರ್ರೀ ಅದು? ಕೂತ್ಕೊಳ್ರೀ! ಗೆಲ್ಲೋ ಟೈಮಲ್ಲಿ ಎದ್ದು ಹೋಗ್ತಾರಲ್ಲ!"

ಅವಳು ಪರದೆಯ ಕೆಳಗಿನ ಅಂಚು ಎತ್ತಿ ಬಗ್ಗಿ ಆ ಕಡೆಗೆ ಹೋದಳು. ನಾನು ಮರ್ಯಾದಸ್ಥಳ ಹಾಗೆ ಸುತ್ತಿ ಬಂದೆ.

ಹಿಂಭಾಗದಲ್ಲಿ ಚಂದಾ ಕೊಡದವರೆಲ್ಲ ಕಡಲೆಕಾಯಿ ಸುಲಿಯುತ್ತ ಆರಾಮಾಗಿ ಕೂತಿದ್ದರು. ಹುಡುಗಿ ತನ್ನ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ತಾಯಿ ಕೆಳಗಿನ ಮೆಟ್ಟಿಲಲ್ಲಿ ಕೂತು ಅವಳ ಎರಡೂ ಕೈ ಹಿಡಿದಿದ್ದಳು.

"ಅಪ್ಪಾನೂ ಹಂಗೇ ಹೇಳಿದ್ರು ಕಣಮ್ಮ," ಎನ್ನುತ್ತಿದ್ದಳು ಹುಡುಗಿ. "ಹಿಂದೆ ನೋಡ್ಬೇಡ, ನಾನಿದೀನಿ ಅಂದ್ರು. ಅದಕ್ಕೇ ನಾನು ನೋಡ್ಲಿಲ್ಲ. ಸೈಕಲ್ ಹಗುರ ಆಯ್ತು. ಆವಾಗ್ಲೂ ನೋಡ್ಲಿಲ್ಲ. ಖುಷೀಲಿ ಆ ತುದೀವರೆಗೂ ಹೋದೆ. ನೋಡಿದ್ರೆ ಬೇಗ ಬರ್ತಿದ್ದೆ."

ನಾವು ವರ್ಷವೆಲ್ಲ ತಪ್ಪು ಸೀಟನ್ನು ತಗ್ಗಿಸಿದ್ದೆವು. ಅವಳಿಗೆ ತಾನು ಬೀಳುವ ಭಯವೇ ಇರಲಿಲ್ಲ. ಹಿಂದೆ ಹಿಡಿದವರು ಬೀಳುತ್ತಾರೆ, ತನಗೆ ಗೊತ್ತಾಗುವುದಿಲ್ಲ ಎಂಬುದು ಅವಳ ಭಯ. ನಾನು ಕ್ಯಾರಿಯರ್‌ಗೆ ಕೈ ಹಾಕಿದಾಗ ಕೂಗಿದ್ದು ನನ್ನ ಮೇಲಿನ ಅಕ್ಕರೆಗೆ. ಅದಕ್ಕೆ ನಾನು ಧರ್ಮಾವರಂ ಸೀರೆಯ ಗಂಟಿನ ಮಾತೆತ್ತಿ ಜಗಳ ಆಡಿದ್ದೆ.

ಅವಳ ತಾಯಿ ಮಗಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಹೇಳಿದಳು: "ಡಾಕ್ಟರು ನನಗೆ ಹೇಳಿದಾರೆ. ಬೀಳೋದರೊಳಗೇ ಎಲ್ಲ ಮುಗಿದಿತ್ತಂತೆ. ನೀನು ತಿರುಗಿದ್ರೂ ಅಷ್ಟೇ, ಹಾರಿಬಂದ್ರೂ ಅಷ್ಟೇ. ಅವರು ಕೊನೇದಾಗಿ ನೋಡಿದ್ದು ನೀನು ಸೈಕಲ್ ಹೊಡೀತಾ ಇರೋದನ್ನ. ಅವರು ಹೇಳಿದ ಮಾತು ಕೇಳಿದೆ ನೀನು, ಅಷ್ಟೇ ಮಾಡಿದ್ದು."

ಮೂಗು ಒರೆಸಿಕೊಂಡು ಸೇರಿಸಿದಳು: "ಅವತ್ತಿಂದ ಈಚೆಗೆ ಒಂದು ಮಾತೂ ಕೇಳಿಲ್ಲ."

ಹುಡುಗಿಗೆ ಅಳುವಿನ ನಡುವೆ ನಗು ಬಂತು. ನಮ್ಮ ತಲೆಯ ಮೇಲೆ ಪರದೆಯಲ್ಲಿ ಹುಡುಗ ಗೆದ್ದು, ಎಡಗೈಯಲ್ಲಿ ಬಹುಮಾನದ ಕಪ್ಪು ತೆಗೆದುಕೊಂಡ. ಆ ಕಡೆ ಬೀದಿ ಚಪ್ಪಾಳೆ ಹೊಡೆಯಿತು. ಈ ಕಡೆ ಕಡಲೆಕಾಯಿಯವರೂ ಹೊಡೆದರು.

ಸಿನಿಮಾ ಆಗಿದ್ದರೆ ಮಾರನೆಯ ದಿನ ಹುಡುಗಿ ಸೈಕಲ್ ಹತ್ತಿ ಡೋಲಿನ ಸದ್ದಿಗೆ ಹೋಗಿಬಿಡಬೇಕಿತ್ತು. ಹತ್ತಿದಳು, ನಿಜ. ಆದರೆ ಎರಡು ಸಲ ತುಳಿಯುವುದು, ಕತ್ತು ತಿರುಗಿಸಿ ಹಿಂದೆ ನೋಡುವುದು. ಮತ್ತೆ ಎರಡು ಸಲ ತುಳಿಯುವುದು, ಮತ್ತೆ ನೋಡುವುದು. ಕತ್ತು ಹೋದ ಕಡೆ ಸೈಕಲ್. ಒಂದು ಸಲ ಚರಂಡಿಗೆ, ಒಂದು ಸಲ ಯಾರದೋ ರಂಗೋಲಿಯ ಮೇಲೆ. "ಹಿಂದೆ ನೋಡ್ಬೇಡ ಕಣೇ" ಎನ್ನಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಆ ಮಾತನ್ನು ಹೇಳುವ ಹಾಗೆಯೇ ಇರಲಿಲ್ಲ.

ಗಿರಾಕಿಗೆ ಏನು ಬೇಕೋ ಅದನ್ನು ಕೊಡಬೇಕು, ನಮ್ಮ ಹತ್ತಿರ ಇರುವುದನ್ನಲ್ಲ. ಅವಳಿಗೆ ಹಿಂದೆ ನೋಡಬೇಕಿತ್ತು. ನಾನು ಅವಳ ಸೈಕಲ್ ತಳ್ಳಿಕೊಂಡು ಮಾಗಡಿ ರಸ್ತೆಯ ಸೈಕಲ್ ಅಂಗಡಿಗೆ ಹೋದೆ. ಆಗೆಲ್ಲ ಹ್ಯಾಂಡಲ್‌ಗೆ ಸಿಕ್ಕಿಸುವ ದುಂಡು ಕನ್ನಡಿಗಳು ಬರುತ್ತಿದ್ದವು. ಶೋಕಿಯ ಹುಡುಗರು ಜೋಡಿ ಜೋಡಿ ಹಾಕಿಸಿಕೊಂಡು ಅದರಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು.

"ಅರೆ ಅಮ್ಮಾ, ಕನ್ನಡಿ ಯಾರಿಗೆ? ನಿಮಗಾ?" ಎಂದರು ಅಂಗಡಿಯ ಸಾಹೇಬರು.

"ಹೂಂ ಭಾಯ್, ಈ ವಯಸ್ಸಲ್ಲಿ ಶೋಕಿ ಹತ್ಕೊಂಡಿದೆ. ಬೆಲೆ ಹೇಳಿ."

ಹೇಳಿದರು. ನಾನು ಅರ್ಧ ಹೇಳಿದೆ. ಅವರು ಕೈ ಮುಗಿದರು. "ಜೋಡೀನೇ ಕೊಡೋದಮ್ಮಾ, ಒಂದೇ ಒಂದು ಯಾರು ತಗೋತಾರೆ?"

"ನಮ್ಮ ಹುಡುಗೀಗೆ ಒಂದೇ ಕಡೆ ನೋಡೋದಿರೋದು. ಇನ್ನೊಂದನ್ನ ಒಂದು ಕಿವಿಗೆ ಮಾತ್ರ ಓಲೆ ಹಾಕೋರಿಗೆ ಮಾರಿ."

ನಕ್ಕು ಒಂದನ್ನು ಬಿಚ್ಚಿ ಕೊಟ್ಟರು. ಸೈಕಲ್‌ಗೆ ಕೂರಿಸುವಾಗ ಅದು ರಸ್ತೆ ಕಾಣುವ ಹಾಗೆ ಬಗ್ಗಿಸಿದರು. ನಾನು ಸೈಕಲ್ ಹಿಂದೆ ಹೋಗಿ ನಿಂತು, "ನಾನು ಕಾಣ್ಬೇಕು ಭಾಯ್, ರಸ್ತೆ ಅಲ್ಲ," ಎಂದೆ. "ನೀವು ಯಾವಾಗ್ಲೂ ಹಿಂದೆ ನಿಂತಿರ್ತೀರಾ ಅಮ್ಮಾ?" "ನಾನಲ್ಲ, ಅವಳ ತಾಯಿ. ನನಗಿಂತ ಸ್ವಲ್ಪ ಗಿಡ್ಡ. ಇನ್ನೊಂದು ಚೂರು ಕೆಳಗೆ ಮಾಡಿ."

ಭಾನುವಾರ ಬಯಲಿಗೆ ಹೋದೆವು. ತಮ್ಮ ಬಿದ್ದ ಜಾಗದ ಹತ್ತಿರ ಅಷ್ಟರಲ್ಲಿ ಯಾರದೋ ಸೈಟಿನ ಗಡಿಕಲ್ಲು ನೆಟ್ಟಿದ್ದರು. ಆ ಒಂದು ವರ್ಷ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಸೀರೆಯ ಗಂಟು ಹೊತ್ತು ಹೋಗುವಾಗಲೂ ಒಂದು ಬೀದಿ ಸುತ್ತಿ ಹೋಗುತ್ತಿದ್ದೆ. ಆ ದಿನ ಅಲ್ಲಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏನೋ ಕೆಲಸ ಇದ್ದವಳ ಹಾಗೆ ಸುಮ್ಮನೆ ಆ ಕಲ್ಲಿನ ಮಣ್ಣು ಒರೆಸಿದೆ.

ತಾಯಿ ಕ್ಯಾರಿಯರ್ ಹಿಡಿಯಲಿಲ್ಲ. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತಳು.

"ಕಾಣ್ತಿದೀನಾ?"

"ಕಾಣ್ತಿದೀಯ. ಸೆರಗು ಸರಿ ಮಾಡ್ಕೊ."

"ನೀನು ಸೈಕಲ್ ಹೊಡಿ, ನನ್ನ ಸೆರಗು ನಾನು ನೋಡ್ಕೋತೀನಿ."

ಹೊರಟಳು. ಕತ್ತು ತಿರುಗಲಿಲ್ಲ, ಸೈಕಲ್ ನೆಟ್ಟಗೆ ಹೋಯಿತು. ಬಯಲಿನ ಅರ್ಧ ದಾಟಿದಳು. ತಾಯಿ ಕೈ ಎತ್ತಿದಳು. ಹುಡುಗಿ ಬೆಲ್ ಹೊಡೆದಳು. ಎಲ್ಲ ಚೆನ್ನಾಗಿತ್ತು, ಒಂದು ಬಿಟ್ಟು. ಕನ್ನಡಿಯನ್ನೇ ನೋಡುತ್ತ ಹೋದವಳು ಮುಂದೆ ಏನಿದೆ ಎಂದು ನೋಡಲಿಲ್ಲ. ಹೊಸ ಮನೆಗೆಂದು ಸುರಿದ ಮರಳಿನ ಗುಡ್ಡೆಗೆ ಸೈಕಲ್ ಸಮೇತ ನುಗ್ಗಿದಳು.

ಹುಡುಗಿ ಮರಳಿನಿಂದ ಎದ್ದಳು. ತಲೆ ತುಂಬ ಮರಳು, ಮೊಣಕೈ ತರಚಿ ರಕ್ತ. ಎದ್ದವಳು ಕೈ ನೋಡಿಕೊಳ್ಳಲಿಲ್ಲ, ಸೈಕಲ್ ನೋಡಲಿಲ್ಲ. ಮೊದಲು ಹಿಂದಕ್ಕೆ ತಿರುಗಿದಳು. ಮುಖದಲ್ಲಿ ಅದೇ ಹಳೆಯ ಗಾಬರಿ.

ಇಲ್ಲಿ ತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಯಲಿನ ಉದ್ದಕ್ಕೂ ಕೇಳುವ ಹಾಗೆ ಕೂಗಿದಳು:

"ಬಿದ್ದಿರೋದು ನೀನು ಕಣೇ! ನಾನು ನಿಂತೇ ಇದೀನಿ!"

ಒಂದು ಕ್ಷಣ ಹುಡುಗಿ ಹಾಗೇ ನೋಡಿದಳು. ಆಮೇಲೆ ನಗಲು ಶುರುಮಾಡಿದವಳು ಮರಳಿನ ಮೇಲೆ ಮತ್ತೆ ಕೂತು ನಕ್ಕಳು. ತಾಯಿ ಅಲ್ಲಿಂದಲೇ ನಕ್ಕಳು. ನಾನು ಗಡಿಕಲ್ಲಿನ ಮೇಲೆ ಕೂತು ಮೂಗು ಸೀಟಿಕೊಂಡೆ.

ದೀಪಾವಳಿಗೆ ದಾವಣಗೆರೆಯ ಹಿರಿಯರು ಬಂದರು. ಹುಡುಗಿಯ ಬಟ್ಟೆಗೆಂದು ಖಾಲಿ ಟ್ರಂಕು ತಂದಿದ್ದರು. ಹಬ್ಬ ಕಳೆದು ಸ್ಕೂಲು ಶುರುವಾದ ದಿನ ಅಜ್ಜ ಹೊರಗೆ ಕುರ್ಚಿ ಹಾಕಿ ಕೂತಿದ್ದರು. ಹುಡುಗಿ ಸೈಕಲ್ ತೆಗೆದಳು. ಬೀದಿಯ ಇತರ ಹೆಣ್ಣುಮಕ್ಕಳು ತಿರುವಿನಲ್ಲಿ ಕಾಯುತ್ತಿದ್ದರು. ತಾಯಿ ಟಿಫಿನ್ ಡಬ್ಬಿ ಹಿಡಿದು ಮನೆಯ ಮೆಟ್ಟಿಲಲ್ಲಿ ನಿಂತಳು. ಮಗಳು ತಿರುವು ದಾಟುವವರೆಗೆ ನಿಲ್ಲುವುದು, ದಾಟಿದ ಕೂಡಲೇ ಮಿಲ್ಲಿಗೆ ಹೊರಡುವುದು.

"ಏನವ್ವಾ, ಇಷ್ಟು ಜೋರಾಗಿ ಹೋಗ್ತಾಳಲ್ಲ! ಭಯ ಐತಿ ಅಂದಿದ್ರಿ?" ಎಂದರು ಅಜ್ಜ.

"ಐತಿ ಅಪ್ಪಾಜಿ," ಎಂದಳು ತಮ್ಮನ ಹೆಂಡತಿ, ತವರಿನ ಮಾತಿಗೆ ಇಳಿದು. "ಇದ್ರೂ ಹೊಕ್ಕಾಳ."

ಅಜ್ಜ ಇನ್ನೆರಡು ದಿನ ಇದ್ದು, ನನ್ನಿಂದ ಅಜ್ಜಿಗೊಂದು ಸೀರೆ ಕೊಂಡು ಹೋದರು. ನೆಂಟರೆಂದು ಕಡಿಮೆ ಮಾಡಲಿಲ್ಲ. ಟ್ರಂಕು ಬಂದ ಹಾಗೆಯೇ ಹೋಗುವುದು ಬೇಡ ಎಂದು ತಮ್ಮನ ಹೆಂಡತಿ ಅದರ ತುಂಬ ಕಜ್ಜಾಯ, ಚಕ್ಕುಲಿ ತುಂಬಿಸಿ ಕಳಿಸಿದಳು.

ಈಗ ನಿಮಗೆ ಹೇಳಬೇಕಾದದ್ದು. ಇಂಥ ಸಿನಿಮಾ ಮಕ್ಕಳಿಗೆ ತೋರಿಸಿ, ಬೇಡ ಎನ್ನುವುದಿಲ್ಲ. ಆದರೆ ತೋರಿಸುವಾಗ ನೀವು ಪರದೆ ನೋಡಬೇಡಿ, ಮಗುವನ್ನು ನೋಡಿ. ಯಾವ ಜಾಗದಲ್ಲಿ ಅದು ಎಲ್ಲರಿಗೂ ಎದುರಾಗಿ ಕೂಗುತ್ತದೋ ಅಲ್ಲಿದೆ ಗಂಟು. ಭಯ ಏನು ಎಂದು ನೀವೇ ತೀರ್ಮಾನಿಸಿ ನನ್ನ ಹಾಗೆ ಅಂತ್ರ, ನಿಂಬೆಹಣ್ಣಿಗೆ ಓಡಾಡಬೇಡಿ, ಕೇಳಿ. ಮಗುವಿಗೆ ಸೈಕಲ್ ಕಲಿಸುವವರು ಕೈ ಬಿಡುವ ಮುಂಚೆ "ಬಿಡ್ತಾ ಇದೀನಿ" ಎಂದು ಹೇಳಿ ಬಿಡಿ. ಬಿಟ್ಟ ಮೇಲೂ ಏನಾದರೂ ಕೂಗುತ್ತಿರಿ, ಬೈದರೂ ಪರವಾಗಿಲ್ಲ. ಹಿಂದಿನವರು ಇದ್ದಾರೆ ಎಂದು ಅದರ ಕಿವಿಗೆ ಗೊತ್ತಾಗಬೇಕು. ಕನ್ನಡಿ ಕೊಳ್ಳುವುದಾದರೆ ಸ್ಪ್ರಿಂಗಿನದು ಬೇಡ, ಸ್ಕ್ರೂ ಹಾಕಿ ಬಿಗಿಯುವುದು ತೆಗೆದುಕೊಳ್ಳಿ. ಬಲಗಡೆ ಹಾಕಿಸಿ. ಜೋಡಿ ಅಂದರೆ ಒಪ್ಪಬೇಡಿ. ಮತ್ತು ಮೊದಲ ದಿನ ಓಡಿಸುವ ಮುಂಚೆ, ಮುಂದೆ ಮರಳಿನ ಗುಡ್ಡೆ ಇದೆಯಾ ಎಂದು ಒಂದು ಸಲ ನೋಡಿಕೊಳ್ಳಿ.